ಟ್ರೇಲರಿಗೆ ಟ್ರ್ಯಾಕ್ಟರ್ ಆರಿಸಿದ ಬಗೆ: ಕಾರಟಗಿ ಕಡೆಯ ನೆಲ್ಲಿನ ರೈತನ ಅನುಭವ

ಟ್ರ್ಯಾಕ್ಟರ್ ತಗೋಬೇಕು ಅಂತ ಯಾರ ಮುಂದೆ ಹೇಳಿದರೂ ಮೊದಲು ಬರುವ ಪ್ರಶ್ನೆ "ಎಷ್ಟು ಎಚ್‌ಪಿದು?" ಶೋರೂಮಿನವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಕಾರಟಗಿ, ಗಂಗಾವತಿ, ಸಿಂಧನೂರು ಸೀಮೆಯಲ್ಲಿ ನೆಲ್ಲು ಬೆಳೆದು ಅದನ್ನು ನಾವೇ ಸಾಗಿಸುವ ರೈತರಿಗೆ ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ತುಂಬಿದ ಟ್ರೇಲರ್ ಎಲ್ಲಿ ಸಿಕ್ಕಿಬೀಳುತ್ತದೆ?

ನಮ್ಮದು ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ಎರೆಭೂಮಿ. ಕೊಯ್ಲಿನ ಹೊತ್ತಿಗೂ ತಗ್ಗಿನ ಮಡಿಗಳಲ್ಲಿ ಹಸಿ ಆರಿರುವುದಿಲ್ಲ. ಕಟಾವು ಮಷಿನ್ ನೆಲ್ಲು ಸುರಿದ ಮೇಲೆ ಟ್ರೇಲರ್ ಆ ಹಸಿಯಲ್ಲೇ ಹೊರಳಿ, ಉಪಕಾಲುವೆಯ ದಂಡೆ ಏರಿ, ಒಣಗಿಸುವ ಜಾಗ ಸೇರಬೇಕು. ಒಣಗಿ, 75 ಕೆಜಿ ಚೀಲಗಳಾದ ಮೇಲೆ ಡಾಂಬರ್ ರಸ್ತೆ ಹಿಡಿದು ಮಿಲ್ಲಿಗೆ. ಎಳೆಯುವ ಟ್ರ್ಯಾಕ್ಟರ್ ಒಂದೇ ಆದರೂ ಈ ಎರಡು ಕೆಲಸಗಳ ಸ್ವಭಾವ ಪೂರ್ತಿ ಬೇರೆ.

ಇದನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ನೂರು ಚೀಲ ಅಂದರೆ ಏಳೂವರೆ ಟನ್. ಟ್ರೇಲರಿನ ಸ್ವಂತ ತೂಕ, ಟ್ರ್ಯಾಕ್ಟರಿನ ತೂಕ ಸೇರಿಸಿದರೆ ಸುಮಾರು 12 ಟನ್. ಸಮತಟ್ಟಾದ ಡಾಂಬರಿನ ಮೇಲೆ ಗಾಲಿ ಉರುಳಿಸಲು ಒಟ್ಟು ತೂಕದ ನೂರಕ್ಕೆ 2 ಪಾಲಿನಷ್ಟು ಎಳೆತ ಸಾಕು, ಅಂದರೆ 240 ಕೆಜಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇದಕ್ಕೆ ಬೇಕಾಗುವುದು 18 ಎಚ್‌ಪಿ ಆಸುಪಾಸು. ಈಗ ಮಡಿಯಿಂದ ದಂಡೆ ಏರುವ ಲೆಕ್ಕ. ಮೂರನೇ ಒಂದು ಪಾಲು ಲೋಡು ಅಂತಲೇ ಇಟ್ಟುಕೊಳ್ಳಿ, ಎಲ್ಲ ಸೇರಿ 7 ಟನ್. ಹಸಿ ಎರೆಯಲ್ಲಿ ಉರುಳಲು ತೂಕದ ನೂರಕ್ಕೆ 10 ಪಾಲಾದರೂ ಬೇಕು. ಹತ್ತು ಅಡಿಗೆ ಒಂದು ಅಡಿ ಏರುವ ದಂಡೆಯಾದರೆ ಇನ್ನೂ 10 ಪಾಲು. ಎರಡೂ ಸೇರಿ 1,400 ಕೆಜಿ ಎಳೆತ. ನಡೆದುಹೋಗುವ ವೇಗದಲ್ಲಿ, ಗಂಟೆಗೆ 4 ಕಿ.ಮೀ.ನಲ್ಲಿ ಏರಿದರೆ ಇದಕ್ಕೆ ಬೇಕಾಗುವುದು ಸುಮಾರು 21 ಎಚ್‌ಪಿ.

ಗೇರ್‌ಪೆಟ್ಟಿಗೆಯಲ್ಲಿ, ಗಾಲಿ ಜಾರುವುದರಲ್ಲಿ ಕಳೆದುಹೋಗುವುದನ್ನು ಇದರಲ್ಲಿ ಹಿಡಿದಿಲ್ಲ. ಆದರೂ ನೋಡಿ, ಎರಡೂ ಕಡೆ ಎಚ್‌ಪಿ ಹೆಚ್ಚುಕಡಿಮೆ ಒಂದೇ, ಎಳೆತ ಮಾತ್ರ ಆರು ಪಟ್ಟು. ದಂಡೆ ಏರಿಸುವುದು ಎಂಜಿನ್ನಿನ ಎಚ್‌ಪಿ ಅಲ್ಲ, ತಗ್ಗಿನ ಗೇರು ಮತ್ತು ಹಿಂದಿನ ಟೈರಿನ ಹಿಡಿತ. ಎರೆಯಲ್ಲಿ ಟೈರ್ ಗರಗರ ತಿರುಗುತ್ತಾ ಗುಂಡಿ ತೋಡುತ್ತಿದ್ದರೆ 40 ಎಚ್‌ಪಿ ಇದ್ದರೂ ಅಷ್ಟೇ, 60 ಇದ್ದರೂ ಅಷ್ಟೇ.

ನಮ್ಮ ಮಿಸ್ತ್ರಿ ಇದನ್ನೇ ಒಂದೇ ಮಾತಿನಲ್ಲಿ ಹೇಳಿದ್ದ. "ಅಣ್ಣಾರ, ಎಚ್‌ಪಿ ಆಮ್ಯಾಲ ನೋಡ್ರಿ. ಎಂಜಿನ್ ದಣದಾಗ ಹೆಂಗ ಹಿಡಕೊಂತೈತಿ ಅದನ್ನ ನೋಡ್ರಿ." ಅವನು ಹೇಳಿದ್ದು ಟಾರ್ಕ್ ಬಗ್ಗೆ. ಭಾರ ಬಿದ್ದು ಆರ್‌ಪಿಎಂ ಇಳಿಯುತ್ತಾ ಹೋದಂತೆ ತಿರುಗಿಸುವ ಬಲ ಏರಬೇಕು. 2,000 ಆರ್‌ಪಿಎಂ ಹತ್ತಿರ ಪೂರ್ತಿ ಎಚ್‌ಪಿ ಕೊಡುವ ಎಂಜಿನ್ 1,300ರ ಆಸುಪಾಸಿನಲ್ಲಿ ಗರಿಷ್ಠ ಟಾರ್ಕ್ ಕೊಟ್ಟರೆ ಏರಿನಲ್ಲಿ ಗೇರ್ ಬದಲಿಸದೆ ಹಿಡಿದುಕೊಂಡು ಬರುತ್ತದೆ. ಹಾಗಾಗಿ ಒಂದೇ ಎಚ್‌ಪಿಯ ಎರಡು ಟ್ರ್ಯಾಕ್ಟರ್ ಮುಂದಿದ್ದಾಗ ನಾನು ಹೋಲಿಸಿದ್ದು ಮೂರು ಸಿಲಿಂಡರೋ ನಾಲ್ಕೋ ಅಂತಲ್ಲ. ಸಿಸಿ (ಸಿಲಿಂಡರುಗಳ ಒಟ್ಟು ಅಳತೆ) ಎಷ್ಟು, ಗರಿಷ್ಠ ಟಾರ್ಕ್ ಎಷ್ಟು, ಅದು ಯಾವ ಆರ್‌ಪಿಎಂನಲ್ಲಿ, ಇವು ಮೂರು. ಜೊತೆಗೆ ಪ್ರತಿ ಗೇರಿನಲ್ಲಿ ಗಂಟೆಗೆ ಎಷ್ಟು ಕಿ.ಮೀ. ಓಡುತ್ತದೆ ಅನ್ನುವ ಪಟ್ಟಿ. ಮುಂದಕ್ಕೆ ಎಂಟೇ ಗೇರಿರುವ ಕೆಲವು ಗಾಡಿಗಳಲ್ಲಿ ದಂಡೆಗೆ ಬೇಕಾದ ವೇಗ ಎರಡು ಗೇರುಗಳ ನಡುವೆ ಬಿದ್ದುಹೋಗುತ್ತದೆ: ಒಂದು ತೀರ ನಿಧಾನ, ಇನ್ನೊಂದರಲ್ಲಿ ಎಂಜಿನ್ ಆಫ್. ಹನ್ನೆರಡು ಗೇರಿನದಕ್ಕೆ ಸ್ವಲ್ಪ ಹೆಚ್ಚು ಕೊಟ್ಟಿದ್ದು ಈ ಕಾರಣಕ್ಕೆ.

ಹಾಗಾದರೆ ಸಣ್ಣ ಎಂಜಿನ್ನೇ ಸಾಲದೇ ಅಂದರೆ, ಟ್ರೇಲರಿಗೆ ಸಾಕು. ಎಚ್‌ಪಿ ನಿರ್ಧರಿಸಿದ್ದು ರೋಟವೇಟರ್, ಅಂದರೆ ತಿರುಗುವ ಬ್ಲೇಡುಗಳಿಂದ ಮಣ್ಣು ಕಲಸುವ ಸಲಕರಣೆ. ನಾಟಿಗೆ ಮುಂಚೆ ನೀರು ನಿಂತ ಎರೆಮಡಿಯಲ್ಲಿ ಕೆಸರು ಮಾಡುವಾಗ ಪಿಟಿಒದಿಂದ (ಸಲಕರಣೆ ತಿರುಗಿಸುವ, ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್) ಗಂಟೆಗಟ್ಟಲೆ ಬಿಡುವಿಲ್ಲದೆ ಶಕ್ತಿ ಹೋಗುತ್ತಿರಬೇಕು. ಅದಕ್ಕಾಗಿ 45 ಎಚ್‌ಪಿಗಿಂತ ಮೇಲಿನದನ್ನು ನೋಡಿದೆ, 50 ದಾಟಲಿಲ್ಲ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂದ ಮೇಲೆ ಅವು ಕಂಪ್ಯೂಟರ್ ಹಿಡಿತದಲ್ಲಿ ಹೆಚ್ಚು ಒತ್ತಡದಿಂದ ಡೀಸೆಲ್ ಸಿಂಪಡಿಸುವ ಸಿಆರ್‌ಡಿಐ ಎಂಜಿನ್ನಿಗೆ ಹೊರಳಿವೆ, ಬೆಲೆಯೂ ಏರಿದೆ. ಎಂಜಿನ್ ಒಳ್ಳೆಯದೇ, ಹೊಗೆ ಕಡಿಮೆ. ಆದರೆ ಅದರ ಇಂಜೆಕ್ಟರುಗಳಿಗೆ ನೀರು, ಕಸ ಇಲ್ಲದ ಡೀಸೆಲ್ಲೇ ಬೇಕು. ನಾವು ಕ್ಯಾನಿನಲ್ಲಿ ತಂದು ಹೊಲದಲ್ಲಿ ಸುರಿಯುವವರು. ಸೆನ್ಸರ್ ಕೈಕೊಟ್ಟರೆ ಕಂಪ್ಯೂಟರ್ ಹಚ್ಚಿ ನೋಡುವವರು ಬರುವ ತನಕ ಕೊಯ್ಲು ಕಾಯುವುದಿಲ್ಲ. ಹಳೆ ನಮೂನೆಯ ಡೀಸೆಲ್ ಪಂಪಿರುವ ಎಂಜಿನ್ ಆದರೆ ಊರ ಮಿಸ್ತ್ರಿಯೇ ರಿಪೇರಿ ಮಾಡುತ್ತಾನೆ.

ಹಿಡಿತದ ವಿಷಯಕ್ಕೆ ಬಂದರೆ ನಾಲ್ಕೂ ಗಾಲಿ ಎಳೆಯುವ ಫೋರ್‌ವೀಲ್ ಗಾಡಿಯೇ ನಮ್ಮ ಹಸಿ ಎರೆಗೆ ಸರಿ. ಖರ್ಚು ಮಾಡಬೇಕಾದ ಜಾಗ ಇದ್ದರೆ ಇದೊಂದೇ ಎಂಬಷ್ಟು ನನಗೆ ಖಾತ್ರಿಯಾಗಿದೆ. ಡಾಂಬರಿಗೆ ಬಂದ ಕೂಡಲೇ ಮುಂದಿನ ಎಳೆತದ ಲಿವರ್ ಬಿಡಿಸಬೇಕು, ಇಲ್ಲದಿದ್ದರೆ ಮುಂದಿನ ಟೈರ್ ಸವೆದುಹೋಗುತ್ತದೆ. ಟ್ರೇಲರನ್ನೂ ಎರಡು ಗಾಲಿಯದೇ ಇಟ್ಟುಕೊಂಡೆ. ಅದರ ಮುಂಭಾಗದ ಭಾರ ಹುಕ್ಕಿನ ಮೂಲಕ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಕೂತು ಹಿಡಿತ ಹೆಚ್ಚಿಸುತ್ತದೆ. ನಾಲ್ಕು ಗಾಲಿಯದು ತನ್ನ ಭಾರ ತಾನೇ ಹೊತ್ತುಕೊಳ್ಳುವುದರಿಂದ ಈ ಲಾಭ ಸಿಗುವುದಿಲ್ಲ, ರಿವರ್ಸ್ ತಗೊಳ್ಳುವುದೂ ಕಷ್ಟ. ಆದರೆ ಹುಕ್ಕು ಹಿಂದಿನ ಅಚ್ಚಿಗಿಂತ ಕೆಳಗೇ ಇರಬೇಕು, ಮುಂದೆ ಕಬ್ಬಿಣದ ವೇಟ್ ಇರಬೇಕು. ಎಳೆತ ಮೇಲಿನಿಂದ ಬಿದ್ದರೆ ಏರಿನಲ್ಲಿ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೇ ಮಗುಚುತ್ತದೆ. ಡ್ರೈವರಿಗೆ ಜಿಗಿಯಲು ಸಮಯ ಸಿಗುವುದಿಲ್ಲ.

ಬ್ರೇಕಿನಲ್ಲಿ ಚೌಕಾಶಿ ಬೇಡ. ಕೆಸರಿನಲ್ಲಿ ಓಡಾಡುವ ಗಾಡಿಗೆ ಎಣ್ಣೆಯಲ್ಲಿ ಮುಳುಗಿರುವ ಆಯಿಲ್ ಬ್ರೇಕೇ ಬೇಕು, ಒಣ ಬ್ರೇಕಿನೊಳಗೆ ನೀರು, ಮಣ್ಣು ಹೊಕ್ಕರೆ ಹಿಡಿಯುವುದೇ ಇಲ್ಲ. ಹೊಲದಲ್ಲಿ ತಿರುಗಿಸಲು ಎಡ, ಬಲ ಪೆಡಲ್ ಬೇರೆ ಬೇರೆ ಇರುತ್ತವಲ್ಲ, ರಸ್ತೆಗೆ ಬರುವ ಮುಂಚೆ ಎರಡನ್ನೂ ಸೇರಿಸಿ ಲಾಕ್ ಮಾಡಲೇಬೇಕು. ಭಾರ ಹೊತ್ತು ಓಡುವಾಗ ಒಂದೇ ಗಾಲಿ ನಿಂತರೆ ಗಾಡಿ ತಿರುಗಿಬಿಡುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವ ಹುಡುಗರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕು, ಎಂಜಿನ್ನೇ ತಡೆದು ಹಿಡಿಯುತ್ತದೆ.

ಪವರ್ ಸ್ಟೀರಿಂಗ್ ಹಾಕಿಸಿ. ಟ್ರೇಲರ್ ಎತ್ತಿ ಸುರಿಯುವುದಾದರೆ ಹೊರಗಿನ ಹೈಡ್ರಾಲಿಕ್ ವಾಲ್ವ್ ಕಂಪನಿಯಿಂದಲೇ ಬರಲಿ. ನೆಲ್ಲಿನ ಹೊಟ್ಟು ರೇಡಿಯೇಟರಿಗೆ ಅಂಟುವುದರಿಂದ ಕೈಯಿಂದ ತೆಗೆದು ಝಾಡಿಸಲು ಬರುವ ಜಾಳಿಗೆ ಇದೆಯೇ ನೋಡಿ, ಈ ಬಿಸಿಲಿನ ಸೀಮೆಯಲ್ಲಿ ಅದಿಲ್ಲದೆ ನಡೆಯದು.

ಕೊನೆಗೆ ಡೆಮೊ. ಶೋರೂಮಿನ ಮುಂದಿನ ರಸ್ತೆಯಲ್ಲಿ ಬರಿ ಗಾಡಿ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಾಡಿಯನ್ನು ಊರಿಗೇ ತರಿಸಿ, ನಮ್ಮ ಟ್ರೇಲರಿಗೆ ಅರ್ಧ ಲೋಡು ಹಾಕಿ, ಕಂಪನಿಯ ಡ್ರೈವರನ ಕೈಯಲ್ಲೇ ದಂಡೆ ಹತ್ತಿಸಿದೆ. ಏರಿನ ನಡುವೆ ನಿಲ್ಲಿಸಿ, ಹಿಂದಕ್ಕೆ ಜಾರದೆ, ಕ್ಲಚ್ ಸುಟ್ಟ ವಾಸನೆ ಬರದೆ ಮತ್ತೆ ಹೊರಡುತ್ತದೆಯೇ ನೋಡಿದೆ. ಆಮೇಲೆ ಅದೇ ಲೋಡಿನಲ್ಲಿ ಕೆಳಗಿಳಿಸಿ, ಇಳಿಜಾರಿನ ಮಧ್ಯೆ ಬ್ರೇಕ್ ಹಾಕಿಸಿದೆ. ಎರಡರಲ್ಲೂ ಪಾಸಾದ ಗಾಡಿಗೆ ಅಡ್ವಾನ್ಸ್ ಕೊಟ್ಟೆ.