ಗ್ರೂಪ್ ಬೈ ಮತ್ತು ನಮ್ಮ ಅಡಿಕೆ ಲೆಕ್ಕ: ನನ್ನ ಅನುಭವ

"ತಮಾ, ನಿನ್ನ ಕಂಪ್ಯೂಟರಿಗೆ ಮಗ್ಗಿ ಬತ್ತಿಲ್ಲೆ."

ಶಿರಸಿಯ ನಮ್ಮ ದಲಾಲಿ ಅಂಗಡಿಯ ಹಳೇ ಗುಮಾಸ್ತರು ಎರಡು ವರ್ಷ ಇದನ್ನೇ ಹೇಳಿದರು. ಈ ಸಲ ವರ್ಷದ ಕೊನೆಯ ಪಟ್ಟಿ ಅವರ ಖಾತೆ ಪುಸ್ತಕಕ್ಕೆ ಪೈಸೆ ಬಿಡದೆ ತಾಳೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ: ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್‌ನಿಂದ ಲೆಕ್ಕ ತೆಗೆಯುವ ಭಾಷೆ) ಗ್ರೂಪ್ ಬೈ ಹಾಕಿ, ಅಂದರೆ ಸಾಲುಗಳನ್ನು ಗುಂಪು ಮಾಡಿ, ಪಟ್ಟಿ ತೆಗೆದ ಕಥೆ.

ಮೊದಲು ಒಬ್ಬರಿಗೆ ದುಡ್ಡು ಕೊಟ್ಟು ಲೆಕ್ಕದ ಪ್ರೋಗ್ರಾಂ ಮಾಡಿಸಿದ್ದೆವು. ಇಪ್ಪತ್ತೆಂಟು ಸಾವಿರವೋ ಮೂವತ್ತೋ. ಸರಾಸರಿ ದರ ಯಾವಾಗಲೂ ಕಡಿಮೆ ಬರುತ್ತಿತ್ತು. ಒಳಗೆ ಕೆದಕಿದರೆ, ಟೆಂಡರಿನಲ್ಲಿ ಇನ್ನೂ ಮಾರದ ಲಾಟ್‌ಗಳಿಗೆ ದರ ಸೊನ್ನೆ ಅಂತ ಇತ್ತು. ಎವಿಜಿ (ಸರಾಸರಿ ತೆಗೆಯುವ ಫಂಕ್ಷನ್) ನಲ್ ಅನ್ನು, ಅಂದರೆ ಏನೂ ತುಂಬದ ಖಾಲಿ ಜಾಗವನ್ನು, ಲೆಕ್ಕದಿಂದ ಬಿಡುತ್ತದೆ, ಸೊನ್ನೆ ಬಿಡುವುದಿಲ್ಲ ಅಲ್ವಾ. ಸೊನ್ನೆಗಳನ್ನು ನಲ್ ಮಾಡಿದೆ. ದರ ಏರಿತು, ತಾಳೆ ಮಾತ್ರ ಇಲ್ಲ.

ತೂಕ ಮರೆತಿದ್ದೆ. ಒಬ್ಬರ ರಾಶಿ (ಅಡಿಕೆಯ ಒಂದು ಬಗೆ) 8 ಕ್ವಿಂಟಲ್, ಕ್ವಿಂಟಲ್‌ಗೆ 46,000ದಂತೆ ಹೋಯಿತು, 2 ಕ್ವಿಂಟಲ್ 40,000ದಂತೆ ಅಂದುಕೊಳ್ಳಿ. ಎವಿಜಿ 43,000 ಅನ್ನುತ್ತದೆ. ಅವರಿಗೆ ನಿಜಕ್ಕೂ ಬಿದ್ದದ್ದು 44,800. ಚೀಟಿ ಹಿಡಿದು ಜಗಳಕ್ಕೆ ಬಾರದೆ ಇರುತ್ತಾರಾ? ದರವನ್ನು ತೂಕಕ್ಕೆ ಗುಣಿಸಿ ಸಮ್ (ಮೊತ್ತ) ಮಾಡಿ, ತೂಕದ ಸಮ್‌ನಿಂದ ಭಾಗಿಸಿದೆ. ಮತ್ತೆ ಕಡಿಮೆ! ಮಾರದ ಲಾಟ್‌ನ ದುಡ್ಡು ನಲ್, ಆದರೆ ಅದರ ತೂಕ ಕೆಳಗೆ ಸೇರಿಕೊಂಡಿತ್ತು. ವೇರ್‌ನಲ್ಲೇ ಅವನ್ನು ತಡೆದೆ, ಅಂದರೆ ಮಾರಿದ ಸಾಲುಗಳನ್ನಷ್ಟೇ ಲೆಕ್ಕಕ್ಕೆ ಬಿಟ್ಟೆ. ಇಷ್ಟಕ್ಕೆ ಎರಡು ವಾರ ಹೋಯಿತು, ನಗಬೇಡಿ.

ನಿಜವಾಗಿ ನಿದ್ದೆ ಕೆಡಿಸಿದ್ದು ಮುಂಗಡ. ಆವಕದ ಟೇಬಲ್‌ಗೆ ಮುಂಗಡದ ಟೇಬಲ್ ಜಾಯಿನ್ ಮಾಡಿ (ಒಂದೇ ಖಾತೆಯ ಸಾಲುಗಳನ್ನು ಜೋಡಿಸಿ), ಖಾತೆವಾರು ಗ್ರೂಪ್ ಮಾಡಿ, ಎರಡನ್ನೂ ಸಮ್ ಮಾಡಿದೆ. ಒಬ್ಬರದ್ದು 3 ಲಾಟ್, 2 ಮುಂಗಡ. ಒಳಗೆ 6 ಸಾಲು. ಅಡಿಕೆ ದುಡ್ಡು ಎರಡು ಪಟ್ಟು, ಮುಂಗಡ ಮೂರು ಪಟ್ಟು! ಆ ಪಟ್ಟಿ ನೋಡಿಯೇ ಗುಮಾಸ್ತರು ಮಗ್ಗಿ ಮಾತು ತೆಗೆದದ್ದು. ಸಮ್ ಒಳಗೆ ಡಿಸ್ಟಿಂಕ್ಟ್ (ಒಂದೇ ಮೊತ್ತ ಎಷ್ಟು ಸಲ ಬಂದರೂ ಒಮ್ಮೆ ಮಾತ್ರ ಎಣಿಸುವುದು) ಹಾಕಿ ಜಾಣನಾದೆ. ಒಬ್ಬರು 10,000ದಂತೆ ಎರಡು ಸಲ ಒಯ್ದಿದ್ದರು, ಒಂದು ಮಾಯವಾಯಿತು. ಕೊನೆಗೆ ಆವಕ ಬೇರೆ, ಮುಂಗಡ ಬೇರೆ ಗ್ರೂಪ್ ಮಾಡಿ, ಖಾತೆಗೆ ಒಂದೇ ಸಾಲು ಉಳಿದ ಮೇಲೆ ಲೆಫ್ಟ್ ಜಾಯಿನ್ ಮಾಡಿದೆ; ಮುಂಗಡ ಇಲ್ಲದ ಖಾತೆಯೂ ಅದರಲ್ಲಿ ಉಳಿಯುತ್ತದೆ. ಮುಂಗಡ ಒಯ್ಯದವರ ಬಾಕಿ ಖಾಲಿ ಬರುತ್ತಿತ್ತು, ಅದಕ್ಕೆ ಕೋಅಲೆಸ್ ಹಾಕಿ ನಲ್ ಜಾಗಕ್ಕೆ ಸೊನ್ನೆ ಕೂರಿಸಿದೆ. ಮುಗಿಯಿತು.

ಹೆಸರಿನ ಮೇಲೆ ಮಾತ್ರ ಗ್ರೂಪ್ ಮಾಡಬೇಡಿ. ನಮ್ಮಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಖಾತೆ ಹತ್ತೋ ಹನ್ನೊಂದೋ ಇವೆ. ಖಾತೆ ನಂಬರ್ ಹಿಡಿಯಿರಿ. ಹಳೇ ಪುಸ್ತಕದ ನಂಬರಿಲ್ಲದ ಖಾತೆಗಳನ್ನು ಹೇಗೆ ಬಿಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಪಕ್ಕದ ಅಂಗಡಿಯವರೂ ಕೇಳುತ್ತಿದ್ದಾರೆ.

ನಡುವೆ ಸುಮ್ನೆ ಕಾಳುಮೆಣಸನ್ನು ವಾರವಾರು ಗ್ರೂಪ್ ಮಾಡಿ ರೋಲಪ್ (ಗುಂಪುಗಳ ಜೊತೆ ಒಟ್ಟು ಮೊತ್ತದ ಸಾಲನ್ನೂ ಕೊಡುವುದು) ಹಚ್ಚಿದ್ದೆ. ಉಪಯೋಗಕ್ಕೆ ಬರಲಿಲ್ಲ. ಮಜಾ ಬಂತು, ಅದನ್ನೇ ಖಾತೆಪಟ್ಟಿಗೂ ಹಾಕಿದೆ. ಒಟ್ಟು ಮೊತ್ತದ ಸಾಲಿಗೆ ಹೆಸರು ನಲ್. "ಇಷ್ಟೊಂದು ಅಡಿಕೆ ತಂದ ಈ ಹೆಸರಿಲ್ಲದವ ಯಾರು?" ಅಂತ ಗುಮಾಸ್ತರು ಕನ್ನಡಕ ಏರಿಸಿಕೊಂಡು ನೋಡಿದರು.

ಈಗ ಅವರದೇ ಹೊಸ ಬೇಡಿಕೆ. ರಾಶಿ, ಚಾಲಿ, ಬೆಟ್ಟೆ ಹೀಗೆ ಅಡಿಕೆಯ ಬಗೆಗಳೆಲ್ಲ ಒಬ್ಬರ ಹೆಸರಿನ ಮುಂದೆ ಒಂದೇ ಸಾಲಿನಲ್ಲಿ ಬೇಕಂತೆ. ಸಮ್ ಒಳಗೆ ಕೇಸ್ (ಈ ಬಗೆಯಾದರೆ ಮಾತ್ರ ಕೂಡು ಅನ್ನುವ ಷರತ್ತು) ಬರೆದು ಮೂರು ಮುಗಿಸಿದ್ದೇನೆ. ಕೆಂಪುಗೋಟು, ಬಿಳಿಗೋಟು ಬಾಕಿ ಇವೆ.