ಬೆಸುಗೆ ಹಿಡಿದು ಹೊರಟೆ: ಒಂದು ಹಳೆಯ ಡ್ರ್ಯಾಗ್‌ಸ್ಟರ್‌ನ ಹುಟ್ಟೂರು ಹುಡುಕಿದ ಅನುಭವ

ನಾನು ದಾವಣಗೆರೆಯವನು. ಕೆಲಸಕ್ಕೆ ಅಂತ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನೆಂಟು ವರ್ಷ ಆಯಿತು. ಆರು ವರ್ಷದ ಹಿಂದೆ ಇಲ್ಲಿ ಒಂದು ಹಳೆಯ ಡ್ರ್ಯಾಗ್‌ಸ್ಟರ್, ಅಂದರೆ ನೇರಕ್ಕೆ ಓಡುವ ರೇಸ್ ಕಾರು, ಕೊಂಡೆ. ಕೊಂಡಿದ್ದು ಬರೀ ಚಾಸಿ, ಅಂದರೆ ಪೈಪಿನ ಚೌಕಟ್ಟು, ಜೊತೆಗೆ ಹಿಂಬದಿಯ ಒಂದು ತಗಡು. ಎಂಜಿನ್ ಇಲ್ಲ, ಚಕ್ರ ಇಲ್ಲ. ಒಬ್ಬರ ಗ್ಯಾರೇಜಿನ ಸೂರಿಗೆ ಹಗ್ಗ ಕಟ್ಟಿ ತೂಗುಹಾಕಿದ್ದರು, ಪೈಪಿನ ಏಣಿಯ ಹಾಗೆ. "ಇದು ವುಡಿ ಗಿಲ್ಮೋರ್ ಕಟ್ಟಿದ್ದು" ಎಂದರು ಮಾರಿದವರು. ಅರವತ್ತರ ದಶಕದ ಚಾಸಿ ಕಟ್ಟುವವರಲ್ಲಿ ಅದು ದೊಡ್ಡ ಹೆಸರು. ಆದರೆ ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ.

ಕೊಡಲು ಇರುವುದೂ ಇಲ್ಲ ಅನ್ನಿ. ಇದು ರಸ್ತೆಗೆ ಇಳಿಯುವ ಗಾಡಿಯಲ್ಲ. ಕಾಲು ಮೈಲಿ, ಅಂದರೆ 1,320 ಅಡಿ ನೇರಕ್ಕೆ ಓಡಿ ನಿಲ್ಲುವ ಗಾಡಿ. ಆರ್‌ಸಿ ಬುಕ್ಕಿನಂಥದ್ದು ಏನೂ ಇರುವುದಿಲ್ಲ. ಅದೂ ಅಲ್ಲದೆ, 1970ರ ಮಾರ್ಚ್‌ನಲ್ಲಿ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹೆಸರಾಂತ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಕಾರಿನ ಟ್ರಾನ್ಸ್‌ಮಿಷನ್ ಸಿಡಿಯಿತು. ಬಲಗಾಲಿನ ಪಾದದ ಮುಂಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ನನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಂದು ಗೆಲ್ಲತೊಡಗಿದರು. ಕೆಲವೇ ವರ್ಷಗಳಲ್ಲಿ ಮುಂದೆ ಎಂಜಿನ್ ಇರುವ ಕಾರುಗಳನ್ನು ಕೇಳುವವರೇ ಇಲ್ಲವಾದರು. ಎಂಜಿನ್ ಬಿಚ್ಚಿ ಹೊಸ ಚಾಸಿಗೆ ಹಾಕಿಕೊಂಡರು. ಹಳೆಯ ಪೈಪು ಸೂರು ಸೇರಿತು.

ಮೊದಲ ವರ್ಷ ನಾನು ತಪ್ಪು ದಾರಿ ಹಿಡಿದೆ. ಹೆಸರಿನ ಬೆನ್ನು ಹತ್ತಿ ಗಿಲ್ಮೋರ್ ಕಾರುಗಳ ಫೋಟೊ ಕಲೆಹಾಕಿದೆ. ಎಲ್ಲದರಲ್ಲೂ ನನ್ನ ಕಾರೇ ಕಂಡಂತಾಗುತ್ತಿತ್ತು. ಬೇಕು ಅಂತ ನೋಡಿದರೆ ಕಾಣದೇ ಇರುತ್ತಾ?

ದಾರಿ ತೋರಿಸಿದ್ದು ಅಪ್ಪ. ದಾವಣಗೆರೆಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಅಂಗಡಿ ನಡೆಸಿದವರು. ಬೇಸಿಗೆಗೆ ಇಲ್ಲಿಗೆ ಬಂದಾಗ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಗ್ಯಾರೇಜಿಗೆ ಬಂದರು. ಚಾಸಿಯ ಹಿಂದಿನಿಂದ ಮುಂದಿನವರೆಗೂ ಹೆಬ್ಬೆರಳಲ್ಲಿ ಒಂದೊಂದೇ ಜಾಯಿಂಟು ಸವರುತ್ತಾ ಹೋದರು. ಡ್ರೈವರ್ ಕೂರುವ ಪಂಜರದ ಹತ್ತಿರ ಬೆಸುಗೆ ಸಣ್ಣದಾಗಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿತ್ತು. ಎಂಜಿನ್ ಜಾಗ ದಾಟಿದ ಮೇಲೆ ಅದೇ ಬೆಸುಗೆ ದಪ್ಪ, ಅಗಲ.

"ಲೇ ತಮ್ಮಾ, ಇದು ಒಬ್ಬನ ಕೈ ಕೆಲಸ ಅಲ್ಲ. ಹಿಂದಿಂದು ಆರ್ಗಾನ್, ಮುಂದಿಂದು ಗ್ಯಾಸ್. ಮುಂದಿಂದು ಮಾಡಿದೋನು ಹೊಸಬ. ಆದ್ರೆ ಅವಸರ ಮಾಡಿಲ್ಲ ನೋಡು."

ಆರ್ಗಾನ್ ಅಂದರೆ ವಿದ್ಯುತ್ ಕಿಡಿಯಿಂದ ಹಾಕುವ ಬೆಸುಗೆ, ಗ್ಯಾಸ್ ಅಂದರೆ ಉರಿಯಿಂದ ಹಾಕುವುದು. ಅಳತೆ ಹಿಡಿದೆ. ನಾಲ್ಕು ಪೈಪನ್ನೂ ಒಂದೇ ಸಾಲಿನಲ್ಲಿ ಕತ್ತರಿಸಿ, ಒಳಗೆ ಸಣ್ಣ ಪೈಪು ತೂರಿಸಿ, ಮುಂದಕ್ಕೆ 20 ಇಂಚು ಬೆಳೆಸಿದ್ದರು. ಅರವತ್ತರ ದಶಕದಲ್ಲಿ ಈ ಕಾರುಗಳು ವರ್ಷವರ್ಷಕ್ಕೂ ಉದ್ದವಾಗುತ್ತಾ ಹೋದವು. ಕೈಯಲ್ಲಿ ಹಣ ಇಲ್ಲದವರು ಹೊಸದು ಕೊಳ್ಳುವ ಬದಲು ಇದ್ದದ್ದನ್ನೇ ಕತ್ತರಿಸಿ ಉದ್ದ ಮಾಡಿಕೊಳ್ಳುತ್ತಿದ್ದರು. ಅಂದರೆ ನಾನು ಹುಡುಕಬೇಕಾದದ್ದು ಗಿಡ್ಡ ಕಾರನ್ನು! ಇಷ್ಟು ದಿನ ಉದ್ದದ ಕಾರನ್ನೇ ಹುಡುಕುತ್ತಿದ್ದೆ.

ಆಮೇಲೆ ಬಣ್ಣ. ಅಪ್ಪನೇ ಹೇಳಿದ ಹಾಗೆ ವಾಟರ್ ಪೇಪರ್ ನೆನೆಸಿ, ಒಂದು ರೂಪಾಯಿ ಅಗಲದ ಜಾಗದಲ್ಲಿ ಮಾತ್ರ ಉಜ್ಜಿದೆ. ಕಪ್ಪು ಹೋಯಿತು, ಕೆಂಪು ಬಂತು. ಕೆಂಪಿನ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಮಿನುಗುವ ನೀಲಿ. ಕಾರಿನ ಜೊತೆ ಸಿಕ್ಕಿದ್ದ ಹಿಂಬದಿಯ ತಗಡನ್ನೂ ಹೀಗೇ ಬಿಡಿಸಿದಾಗ ನೀಲಿಯ ಮೇಲೆ ಬಿಳಿ ಅಂಕಿ ಎದ್ದಿತು: 7. ಇಲ್ಲಿ ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆ ದೇಶವನ್ನು ಏಳು ವಿಭಾಗ ಮಾಡಿದೆ. ಏಳನೆಯದು ಪೆಸಿಫಿಕ್ ಕಡೆಯದು, ಕ್ಯಾಲಿಫೋರ್ನಿಯಾ ಬರುವುದು ಅದರಲ್ಲೇ. ಕಾರು ಇಲ್ಲಿಯದೇ ಇರಬೇಕು ಅನ್ನಿಸಿತು.

ಫೋಟೊ ಸಿಕ್ಕಿದ್ದು ಎರಡು ವರ್ಷದ ಮೇಲೆ, ನಿವೃತ್ತ ಫೋಟೊಗ್ರಾಫರ್ ಒಬ್ಬರ ನೆಗೆಟಿವ್ ಡಬ್ಬದಲ್ಲಿ. ಜಾಗ ಲಾಂಗ್ ಬೀಚ್ ಪಕ್ಕದ ಅದೇ ಲಯನ್ಸ್. 1955ರಿಂದ 1972ರವರೆಗೆ ನಡೆದ ಆ ಟ್ರ್ಯಾಕಿಗೆ ಬೆಂಬಲವಾಗಿ ನಿಂತದ್ದು ಅಲ್ಲಿನ ಲಯನ್ಸ್ ಕ್ಲಬ್‌ಗಳು. ಹೌದು, ನಮ್ಮೂರುಗಳಲ್ಲಿ ಕಣ್ಣಿನ ಶಿಬಿರ ಮಾಡುವ ಅದೇ ಲಯನ್ಸ್! ಬೀದಿಯಲ್ಲಿ ರೇಸ್ ಮಾಡುವ ಹುಡುಗರಿಗೆ ಒಂದು ಜಾಗ ಆಗಲಿ ಅಂತ. ಫೋಟೊದಲ್ಲಿ ಗಿಡ್ಡ ಕಾರು. ಪಂಜರದ ಎಡಗಾಲಿಗೆ ಒಂದು ಪಟ್ಟಿ, ಅದರಲ್ಲಿ ಮೂರು ತೂತು. ನಡುವಿನದು ಸ್ವಲ್ಪ ಕೆಳಗೆ ಜಾರಿದೆ. ಓಡಿಹೋಗಿ ಗ್ಯಾರೇಜಿನ ದೀಪ ಹಾಕಿದೆ. ನನ್ನ ಕಾರಿನಲ್ಲೂ ನಡುವಿನ ತೂತು ಅಷ್ಟೇ ಕೆಳಗಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಹಳಬರನ್ನು ಮಾತಾಡಿಸುವಾಗ ಒಂದು ವಿಷಯ ಕಲಿತೆ. ಮೊದಲೇ ಫೋಟೊ ತೋರಿಸಬಾರದು, ಹೆಸರು ಹೇಳಲೂ ಬಾರದು. ತೋರಿಸಿದರೆ ಎಲ್ಲರಿಗೂ ನೆನಪು ಬಂದುಬಿಡುತ್ತದೆ. ಅವರು ಸುಳ್ಳು ಹೇಳುವುದಿಲ್ಲ, ಪ್ರೀತಿ ಹಾಗೆ ಮಾಡಿಸುತ್ತದೆ. ಸುಮ್ನೆ "ಆಗ ನಿಮ್ಮ ಕಾರು ಹೇಗಿತ್ತು?" ಅಂತ ಕೇಳಿ ಬರೆದುಕೊಳ್ಳಬೇಕು. ಬೇಕರ್ಸ್‌ಫೀಲ್ಡ್ ಹತ್ತಿರದ ಫಮೋಸೊ ಟ್ರ್ಯಾಕಿನಲ್ಲಿ ಹಳೆಯ ಕಾರುಗಳು ಸೇರಿದಾಗ ಹೀಗೇ ಕೇಳುತ್ತಾ ಹೋದೆ. ಒಬ್ಬ ಅಜ್ಜ ತಾವಾಗಿಯೇ ಹೇಳಿದರು: ನೀಲಿ ಕಾರು, ನಾಲ್ಕು ಜನ ಗೆಳೆಯರು ಸೇರಿ ಕೊಂಡಿದ್ದು, 1965ರಲ್ಲಿ ಇಪ್ಪತ್ತು ಇಂಚು ಬೆಳೆಸಿದ್ದು.

ಅವರನ್ನು ಮನೆಗೆ ಕರೆತಂದೆ. ಗಿಲ್ಮೋರ್ ವಿಷಯ ಕೇಳಿದ್ದಕ್ಕೆ ಅಲ್ಲವೇ ಅಲ್ಲ ಎಂದರು. ಪಂಜರ ಕಟ್ಟಿದವನು ಅವರ ಓಣಿಯಲ್ಲೇ ಇದ್ದ ವಿಮಾನ ಕಾರ್ಖಾನೆಯ ವೆಲ್ಡರ್. ಕಾರಿನ ಬೆಲೆ ಅರ್ಧಕ್ಕೆ ಇಳಿಯಿತು, ನನಗೆ ಬೇಜಾರಾಗಲಿಲ್ಲ. ಮುಂದಿನ ಗ್ಯಾಸ್ ಬೆಸುಗೆಯ ಮೇಲೆ ಅವರು ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

"ಆಗ ನನಗೆ ಹತ್ತೊಂಬತ್ತು. ನಾಲ್ಕು ರಾತ್ರಿ ಹಿಡಿಯಿತು."

ಅಪ್ಪನಿಗೆ ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿದೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಜ್ಜ ಫೋನನ್ನು ಜಾಯಿಂಟಿನ ಹತ್ತಿರ ಹಿಡಿದರು. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿ, ನನಗೆ ಹೇಳಿದರು: "ಅದನ್ನ ಮಾತ್ರ ಉಜ್ಜಬೇಡ. ಹಾಗೇ ಬಿಡು."