ಕೆಂಪು ಹೂವಿನ ಡಬ್ಬಿ, ಅದರ ಲೆಕ್ಕ: ನನ್ನ ಅನುಭವ

ಇಂಗ್ಲೆಂಡಿನಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ 11ರವರೆಗೆ, ಯುದ್ಧದಲ್ಲಿ ಮಡಿದವರ ನೆನಪಿಗೆ, ಜನರ ಕೋಟಿನ ಮೇಲೆ ಕಾಣುವ ಕೆಂಪು ಕಾಗದದ ಹೂವು ಮಾಜಿ ಸೈನಿಕರ ಸಂಸ್ಥೆಯಾದ ರಾಯಲ್ ಬ್ರಿಟಿಷ್ ಲೀಜನ್‌ನದು. ಅದು ಗಸಗಸೆ ಜಾತಿಯ ಹೂವು. ಇಂಗ್ಲಿಷ್ ಹೆಸರನ್ನು (poppy) ಹಾಗೇ ಕನ್ನಡದಲ್ಲಿ ಬರೆದರೆ ‘ಪಾಪಿ’ ಎಂಬ ಬೇರೆಯೇ ಅರ್ಥ ಬರುತ್ತದೆ, ಆದ್ದರಿಂದ ಇಲ್ಲಿ ಬರೀ ಹೂವು ಎನ್ನುತ್ತೇನೆ. ಈ ಹೂವು ಕೊಟ್ಟು, ಜನ ಡಬ್ಬಿಗೆ ಹಾಕುವ ದೇಣಿಗೆಯನ್ನು ಲೀಜನ್‌ಗಾಗಿ ಕೂಡಿಸುತ್ತೇವೆ. ಊರಿನ ಮಟ್ಟದಲ್ಲಿ ಆ ನಿಧಿಸಂಗ್ರಹ ನೋಡಿಕೊಳ್ಳುವ ಸಂಘಟಕನ ಕೆಲಸ ನನ್ನದು. ಇಲ್ಲಿ ನೆಲೆಸಿದ ಕನ್ನಡಿಗರು ಸ್ವಯಂಸೇವಕರಾಗಿ ಬರುವ ಮೊದಲು ಇಷ್ಟು ತಿಳಿದಿದ್ದರೆ ಚೆನ್ನ.

1921ರ ಮೇ 15ರಂದು ನಾಲ್ಕು ಸಂಘಗಳು ಸೇರಿ ಲೀಜನ್ ಆಯಿತು. 1925ರಲ್ಲಿ ಅದಕ್ಕೆ ರಾಜಸನ್ನದು ಸಿಕ್ಕಿತು. ಮೇಲೆ ಟ್ರಸ್ಟಿಗಳ ಮಂಡಳಿ, ಕೆಳಗೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಅದರ ಕೆಳಗೆ ಊರಿನ ಶಾಖೆ. ಶಾಖೆಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಹೊಸಬರು ಎಡವುವುದು ಇಲ್ಲೇ. ಶಾಖೆಯ ಊಟ, ಬಾವುಟ, ಸಭಾಂಗಣದ ಬಾಡಿಗೆಗೆ ಇರುವ ಹಣ ಬೇರೆ, ಹೂವಿನ ಹಣ ಬೇರೆ. ಹೂವಿನ ಹಣ ಶಾಖೆಯ ಖಾತೆಯ ಹತ್ತಿರವೂ ಸುಳಿಯಬಾರದು, ನೇರ ಕೇಂದ್ರದ ಖಾತೆಗೇ ಹೋಗಬೇಕು. ಡಬ್ಬಿ ತರಲು ಹೋದವರು ಪಾರ್ಕಿಂಗ್‌ಗೆಂದು ಅದರಿಂದಲೇ ಎರಡು ಪೌಂಡ್ ತೆಗೆದರೂ ತಪ್ಪು. ಖರ್ಚಿದ್ದರೆ ರಸೀದಿ ಕೊಟ್ಟು ಬೇರೆಯಾಗಿ ಪಡೆಯಬೇಕು. ಕೊನೆಗೆ ಕಾನೂನಿನ ಮುಂದೆ ಉತ್ತರ ಕೊಡುವವರು ಟ್ರಸ್ಟಿಗಳು. ಅವರು ನಮ್ಮ ಊರಿನ ಡಬ್ಬಿಯನ್ನು ಕಣ್ಣಿಂದಲೂ ಕಂಡಿರುವುದಿಲ್ಲ, ನಾವು ಬರೆದಿಟ್ಟ ಕಾಗದವೊಂದೇ ಅವರಿಗೆ ಆಧಾರ.

ಕೆಲಸ ಬೇಸಿಗೆಯಲ್ಲೇ ಶುರು. ಬೀದಿಯಲ್ಲಿ ಹಣ ಕೇಳಲು 1916ರ ಕಾಯ್ದೆಯಡಿ ಸ್ಥಳೀಯ ಕೌನ್ಸಿಲ್‌ನ ಪರವಾನಗಿ ಬೇಕು. ಸೂಪರ್‌ಮಾರ್ಕೆಟ್ ಅಂಗಳವಾದರೆ ಅದರ ಮಾಲೀಕರ ಒಪ್ಪಿಗೆ ಸಾಕು, ಆದರೆ ಅದು ಬರಹದಲ್ಲಿರಲಿ. ಜುಲೈಯಲ್ಲಿ ಬಾಯಲ್ಲಿ ಹ್ಞೂಂ ಎಂದ ಮ್ಯಾನೇಜರ್ ನವೆಂಬರ್‌ಗೆ ವರ್ಗವಾಗಿರುತ್ತಾರೆ. ಮನೆಮನೆಗೆ ಹೋಗುವುದಕ್ಕೆ 1939ರ ಕಾಯ್ದೆ ಅನ್ವಯಿಸುತ್ತದೆ. 16 ತುಂಬದವರನ್ನು ಆ ಕೆಲಸಕ್ಕೆ ಕಳಿಸುವಂತಿಲ್ಲ.

ಅಕ್ಟೋಬರ್‌ನಲ್ಲಿ ಸರಕು ಬರುತ್ತದೆ. ಆ ದಿನವೇ ಪ್ರತಿ ಡಬ್ಬಿಗೂ ಸಂಖ್ಯೆ ಬರೆದು, ಸೀಲು ಅಂಟಿಸಿ, ರಿಜಿಸ್ಟರ್‌ಗೆ ಏರಿಸುತ್ತೇವೆ: ಸಂಖ್ಯೆ, ಜಾಗ, ತೆಗೆದುಕೊಂಡವರ ಹೆಸರು, ಸಹಿ, ಕೊಟ್ಟ ದಿನ, ಬಂದ ದಿನ, ಎಣಿಸಿದ ಮೊತ್ತ. ಈ ಏಳು ಅಂಕಣಗಳೇ ಎಲ್ಲದಕ್ಕೂ ಬುನಾದಿ.

ಅಂಗಡಿಯಲ್ಲಿ ಡಬ್ಬಿಯನ್ನು ಬಾಗಿಲ ಬಳಿ ಇಡಬೇಡಿ. ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಗಲ್ಲಾಪೆಟ್ಟಿಗೆಯ ಪಕ್ಕ, ಕ್ಯಾಷಿಯರ್ ಕಣ್ಣಿಗೆ ಬೀಳುವಂತೆ ಇಡಿ. ಡಬ್ಬಿ ತುಂಬುವ ಮೊದಲೇ ಹೂವು ಮುಗಿಯುವುದು ಇನ್ನೊಂದು ನಷ್ಟ. ಟ್ರೇ ಖಾಲಿಯಾದ ಮೇಲೆ ಯಾರೂ ಹಣ ಹಾಕುವುದಿಲ್ಲ. ಮೂರು ದಿನಕ್ಕೊಮ್ಮೆ ಸುತ್ತು ಹಾಕಿ ಹೂವು ತುಂಬಬೇಕು, ಭಾರವಾದ ಡಬ್ಬಿಯನ್ನು ಬದಲಿಸಬೇಕು.

ಮೇಜು ಹಾಕಿ ಹೂವು ಕೊಡುವ ಕಡೆ ಪಾಳಿ ಎರಡು ಗಂಟೆ, ಇಬ್ಬಿಬ್ಬರು. ನಾಲ್ಕು ಗಂಟೆ ಹಾಕಿದರೆ ಚಳಿಯಲ್ಲಿ ವಯಸ್ಸಾದವರು ಕುಗ್ಗಿಹೋಗುತ್ತಾರೆ, ಮರುವರ್ಷ ಕರೆದರೆ ಬರುವುದಿಲ್ಲ. ಎಂಬತ್ತು ದಾಟಿದ ಸೈನಿಕರೊಬ್ಬರು ಪದಕ ಧರಿಸಿ ಕೂರಲು ಒಪ್ಪಿದರೆ ಅವರಿಗೆ ಮಡಚುವ ಕುರ್ಚಿ, ಬಿಸಿ ಚಹಾ, ವಾಪಸ್ ಕಾರು ಇವನ್ನು ಮೊದಲೇ ನಿಶ್ಚಯಿಸಿರಬೇಕು. ಡಬ್ಬಿ ಕುಲುಕಿ ಸದ್ದು ಮಾಡುವುದು ಬೇಡ. ‘ಎಷ್ಟು?’ ಎಂದು ಕೇಳಿದರೆ ಬೆಲೆ ಹೇಳಬಾರದು, ‘ನಿಮಗೆ ತೋಚಿದಷ್ಟು’ ಎನ್ನಬೇಕು. ಬೆಲೆ ಹೇಳಿದರೆ ಅದು ಮಾರಾಟವಾಗುತ್ತದೆ, ಹತ್ತು ಪೌಂಡ್ ಕೊಡಲು ಬಂದವರೂ ಒಂದಕ್ಕೆ ನಿಲ್ಲುತ್ತಾರೆ. ಯಾರಾದರೂ ನೂರು ಪೌಂಡ್ ಕೊಡಲು ಬಂದರೆ ಡಬ್ಬಿಗೆ ಹಾಕಿಸಬೇಡಿ. ಅವರು ತೆರಿಗೆ ಕಟ್ಟುವವರಾಗಿದ್ದು, ಗಿಫ್ಟ್ ಏಡ್ ನಮೂನೆಯಲ್ಲಿ ಹೆಸರು, ಮನೆ ವಿಳಾಸ ಬರೆದರೆ ಸರ್ಕಾರ ಪೌಂಡಿಗೆ 25 ಪೆನ್ಸ್ ಸೇರಿಸುತ್ತದೆ. ನೂರು 125 ಆಗುತ್ತದೆ.

‘ಇದು ಬಿಳಿಯರ ಯುದ್ಧದ ಹೂವಲ್ಲವೇ?’ ಎಂದು ನಮ್ಮವರೇ ಕೇಳುತ್ತಾರೆ. ಮೇಜಿನಲ್ಲಿ ನಿಲ್ಲುವವರ ಬಳಿ ಉತ್ತರ ಸಿದ್ಧವಿರಲಿ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸೇವೆ ಸಲ್ಲಿಸಿದರು, 74,000ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರ ನೆನಪಿಗೆಂದೇ 2018ರಲ್ಲಿ ಲೀಜನ್ ಖಾದಿಯ ಹೂವನ್ನು ತಂದಿತು. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಈಗ ಎಣಿಕೆ. ಒಬ್ಬರೇ ಡಬ್ಬಿ ಬಿಚ್ಚುವಂತಿಲ್ಲ. ಸೀಲು ಒಡೆಯುವಾಗ, ಎಣಿಸುವಾಗ ಇಬ್ಬರು ಇರಬೇಕು, ಇಬ್ಬರೂ ಸಹಿ ಹಾಕಬೇಕು. ಸಾಧ್ಯವಾದರೆ ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿದರೆ ನಾಣ್ಯ ಉರುಳುವುದಿಲ್ಲ. ಡಬ್ಬಿಯೊಳಗೆ ಗುಂಡುಸೂಜಿ ಬಿದ್ದಿರುತ್ತದೆ, ಬರಿಗೈ ಹಾಕಬೇಡಿ. ಬ್ಯಾಂಕಿನ ಚೀಲಗಳಿಗೆ ನಿಗದಿ ಮೊತ್ತವಿದೆ. ಎರಡು ಪೌಂಡ್ ನಾಣ್ಯ 20 ಪೌಂಡಿಗೆ 120 ಗ್ರಾಂ, ಒಂದು ಪೌಂಡ್ ನಾಣ್ಯ 20ಕ್ಕೆ 175 ಗ್ರಾಂ, 50 ಪೆನ್ಸ್ 10 ಪೌಂಡಿಗೆ 160 ಗ್ರಾಂ, 20 ಪೆನ್ಸ್ 10ಕ್ಕೆ 250 ಗ್ರಾಂ. ಐದು, ಹತ್ತು ಪೆನ್ಸ್ ಎರಡೂ 5 ಪೌಂಡಿಗೆ 325 ಗ್ರಾಂ. ತಾಮ್ರದ ಬಣ್ಣದ ಒಂದು, ಎರಡು ಪೆನ್ಸ್ 1 ಪೌಂಡಿಗೆ 356 ಗ್ರಾಂ. ಆದರೆ ತೂಕವನ್ನೇ ನಂಬಿ ಕೂರಬೇಡಿ. 50 ಪೆನ್ಸ್ ನಾಣ್ಯ 8 ಗ್ರಾಂ, ಒಂದು ಪೌಂಡ್ 8.75 ಗ್ರಾಂ. 50ರ ಚೀಲದಲ್ಲಿ ಒಂದು ನಾಣ್ಯದ ಬದಲು ಒಂದು ಪೌಂಡ್ ಸೇರಿಕೊಂಡರೆ ಅಡುಗೆಮನೆಯ ತಕ್ಕಡಿ ಹಿಡಿಯುವುದಿಲ್ಲ. ಮೊದಲು ಕಣ್ಣಿಂದ ಬೇರ್ಪಡಿಸಿ, ಆಮೇಲೆ ತೂಗಿ. 5 ಗ್ರಾಂ ಹೆಜ್ಜೆಯ ತಕ್ಕಡಿ ಬೇಡ. ಐದು ಪೆನ್ಸ್ ನಾಣ್ಯದ ತೂಕ 3.25 ಗ್ರಾಂ ಅಷ್ಟೇ, ಒಂದು ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ಚಲಾವಣೆ ನಿಂತ ದುಂಡನೆಯ ಪೌಂಡ್, ಯೂರೋ, ರೂಪಾಯಿ ನಾಣ್ಯಗಳನ್ನು ಬೇರೆ ಕವರಿಗೆ ಹಾಕಿ ಡಬ್ಬಿ ಸಂಖ್ಯೆ ಬರೆಯಿರಿ. 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಯಲ್ಲಿ ನಡೆಯದ ಕಾಗದದ 20, 50 ಪೌಂಡ್ ನೋಟು ಸಿಕ್ಕರೆ ಬಿಸಾಡಬೇಡಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲಿಸಿಕೊಡುತ್ತದೆ. ಕಾರ್ಡ್ ಯಂತ್ರಕ್ಕೆ ಹಿಂದಿನ ರಾತ್ರಿ ಚಾರ್ಜ್ ಹಾಕಿ. ಸಿಗ್ನಲ್ ಇದೆಯೇ ಎಂದು ಮೇಜು ಇಡುವ ಜಾಗದಲ್ಲೇ ನಿಂತು ನೋಡಿ.

ನವೆಂಬರ್ 11 ಕಳೆದ ಒಂದು ವಾರದೊಳಗೆ ಎಲ್ಲ ಡಬ್ಬಿ ವಾಪಸಾಗಬೇಕು. ಡಿಸೆಂಬರ್‌ವರೆಗೆ ಬಿಟ್ಟರೆ ಅಂಗಡಿಯವರು ಕ್ರಿಸ್‌ಮಸ್ ಸಾಮಾನಿನ ಹಿಂದೆ ತಳ್ಳಿಬಿಡುತ್ತಾರೆ. ಬಾರದ ಡಬ್ಬಿಗೆ ಎರಡು ಸಲ ಫೋನ್ ಮಾಡಿ, ಮೂರನೆಯ ಸಲ ನಾವೇ ಹೋಗುತ್ತೇವೆ. ಸಿಗದಿದ್ದರೆ ರಿಜಿಸ್ಟರಿನಲ್ಲಿ ‘ಕಾಣೆ’ ಎಂದು ದಿನಾಂಕ ಸಮೇತ ಬರೆದು ಮೇಲಿನವರಿಗೆ ತಿಳಿಸುತ್ತೇವೆ. ಆ ಸಾಲನ್ನು ಯಾರೂ ಅಳಿಸುವುದಿಲ್ಲ. ಮುಂದಿನ ವರ್ಷ ಆ ಅಂಗಡಿಗೆ ಸರಪಳಿ ಹಾಕಿದ ಡಬ್ಬಿಯನ್ನೇ ಕೊಡುತ್ತೇವೆ.